ಸಮಾಧಿಯ ಮೇಲಿನ ಮೇಣದಬತ್ತಿ ಯಾರಿಗೆ?

(ಗ್ರಂಥಾಲಯವೊಂದರ ವಾರಾಂತ್ಯದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಬಹಳ ವರ್ಷಗಳ ಹಿಂದೆ ನಾನು ಮಂಗಳೂರಿನಲ್ಲಿ ಮೇಷ್ಟರಾಗಿದ್ದೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ಕೊಂಕಣಿ ಮನೆಮಾತಿನ ಕೆಥೋಲಿಕ್ ಹೆಂಗಸು. ಕೇರಿಯವರೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಪ್ರತಿ ವರ್ಷ ನವೆಂಬರ್ 2ರಂದು ಅವರು ಒಂದು ಬುಟ್ಟಿ ಸೇವಂತಿಗೆ, ಒಂದು ಕಟ್ಟು ಮೇಣದಬತ್ತಿ ಹಿಡಿದು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋಗುತ್ತಿದ್ದರು. ಅದು ಮೃತರೆಲ್ಲರ ಸ್ಮರಣೆಯ ದಿನ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಬಂದು ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಅವರೂ ಕ್ರೈಸ್ತರೇ, ಆದರೆ ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟರು. ಗಂಡನ ಸಮಾಧಿಗೆ ಅವರೂ ಹೂವಿಡುತ್ತಿದ್ದರು, ಆದರೆ ಗಂಡನಿಗಾಗಿ ಪ್ರಾರ್ಥನೆ ಮಾಡುತ್ತಿರಲಿಲ್ಲ. ಒಮ್ಮೆ ನಾನು ಕೇಳಿಯೇಬಿಟ್ಟೆ. 'ಅವರು ದೇವರ ಕೈಯಲ್ಲಿದ್ದಾರೆ. ಇನ್ನು ನಾನು ಮಾಡುವುದಕ್ಕೆ ಏನಿದೆ?' ಎಂದರು. ಬಾಯಮ್ಮನನ್ನು ಕೇಳಿದರೆ, 'ನಾವು ಮಾಡದಿದ್ದರೆ ಅವರಿಗೆ ಇನ್ಯಾರು ಮಾಡುತ್ತಾರೆ?' ಎಂದರು.

ಇಬ್ಬರಿಗೂ ದೇವರು ಒಬ್ಬನೇ, ಯೇಸು ಒಬ್ಬನೇ. ಬೈಬಲೂ ಹೆಚ್ಚುಕಡಿಮೆ ಒಂದೇ. ಈ 'ಹೆಚ್ಚುಕಡಿಮೆ' ಎಂಬುದರಲ್ಲಿಯೂ ಒಂದು ಕಥೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಒಬ್ಬರು ತಮ್ಮ ಸತ್ತವರಿಗಾಗಿ ಏನಾದರೂ ಮಾಡಬಲ್ಲರು, ಇನ್ನೊಬ್ಬರು ಮಾಡಲಾರರು. ಶ್ರಾದ್ಧ, ತರ್ಪಣಗಳ ನಾಡಿನಲ್ಲಿ ಬೆಳೆದ ನಮಗೆ ಇದು ಸಣ್ಣ ವ್ಯತ್ಯಾಸವೆಂದು ತೋರುವುದಿಲ್ಲ. ಕ್ರೈಸ್ತ ಧರ್ಮ ಮರಣಾನಂತರದ ಬಗ್ಗೆ ಏನು ಹೇಳುತ್ತದೆ ಎಂಬ ಇಂದಿನ ವಿಷಯಕ್ಕೆ ನಾನು ಈ ಬಾಗಿಲಿನಿಂದಲೇ ಒಳಹೋಗುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಸತ್ತ ಕೂಡಲೇ ಆತ್ಮ ದೇಹವನ್ನು ಬಿಟ್ಟು ಹಾರಿ ಸ್ವರ್ಗಕ್ಕೋ ನರಕಕ್ಕೋ ಹೋಗಿ ಸೇರುತ್ತದೆ, ಅಲ್ಲಿಗೆ ಮುಗಿಯಿತು. ಇದೇ ಕ್ರೈಸ್ತ ಬೋಧನೆ ಎಂದು ಅನೇಕ ಕ್ರೈಸ್ತರೂ ಭಾವಿಸಿದ್ದಾರೆ. ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದಿದವರಿಗೆ ಅಲ್ಲಿ ಇಂಥ ಆತ್ಮ ಸುಲಭವಾಗಿ ಸಿಗುವುದಿಲ್ಲ. ಆತ್ಮವೆಂದು ನಾವು ಅನುವಾದಿಸುವ ಹೀಬ್ರೂ ಶಬ್ದ 'ನೆಫೆಶ್'. ಅದಕ್ಕೆ ಉಸಿರು, ಗಂಟಲು, ಜೀವ ಎಂಬ ಅರ್ಥಗಳಿವೆ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಶ್ವಾಸ ಊದಿದಾಗ ಮನುಷ್ಯನು ನೆಫೆಶ್ 'ಆದ'. ಅವನೊಳಗೆ ನೆಫೆಶ್ ಒಂದು ಬಂದು ಸೇರಿಕೊಂಡದ್ದಲ್ಲ. ನಮ್ಮ ಕನ್ನಡ ಬೈಬಲಿನ ಅನುವಾದಕರು ಇಲ್ಲಿ ಆತ್ಮ ಎನ್ನದೆ 'ಪ್ರಾಣಿ' ಎಂಬ ಶಬ್ದ ಬಳಸಿದ್ದಾರೆ. ಜಾಣ ಆಯ್ಕೆ. ಉಪನಿಷತ್ತಿನ ಆತ್ಮ ಹುಟ್ಟದ್ದು, ಸಾಯದ್ದು. ಬೈಬಲಿನ ಮನುಷ್ಯ ಸೃಷ್ಟಿಯಾದವನು. ಒಂದೇ ಸಲ ಬದುಕಿ ಒಂದೇ ಸಲ ಸಾಯುವವನು. ಹಿಂದಿನ ಜನ್ಮವೂ ಇಲ್ಲ, ಮುಂದಿನದೂ ಇಲ್ಲ. ಸಾಲ ತೀರಿಸಲು ಇನ್ನೊಂದು ಸರದಿ ಸಿಗುವುದಿಲ್ಲ ಎನ್ನುವುದರಿಂದಲೇ ಈ ಧರ್ಮದಲ್ಲಿ ಮರಣಕ್ಕೆ ಅಷ್ಟೊಂದು ಭಾರ.

ಹಾಗಾದರೆ ಸತ್ತವರು ಎಲ್ಲಿ? ಹಳೆಯ ಹೀಬ್ರೂ ಗ್ರಂಥಗಳ ಉತ್ತರ 'ಶೆಓಲ್', ಕನ್ನಡದಲ್ಲಿ ಪಾತಾಳ. ಅದು ಶಿಕ್ಷೆಯ ತಾಣವಲ್ಲ. ಒಳ್ಳೆಯವರು, ಕೆಟ್ಟವರು, ಅರಸರು, ಆಳುಗಳು ಎಲ್ಲರೂ ನೆರಳುಗಳಂತೆ ಬಿದ್ದಿರುವ ಮಬ್ಬು ಲೋಕ. ಈ ಚಿತ್ರ ಬದಲಾದದ್ದು ತತ್ವಜ್ಞಾನಿಗಳ ಚರ್ಚೆಯಿಂದಲ್ಲ, ರಕ್ತಪಾತದಿಂದ. ಕ್ರಿ.ಪೂ. 167ರ ಸುಮಾರಿಗೆ ಸಿರಿಯಾದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯರ ಆಚರಣೆಗಳನ್ನು ನಿಷೇಧಿಸಿ, ಧರ್ಮ ಬಿಡದವರನ್ನು ಕೊಲ್ಲಿಸಿದ. ಧರ್ಮಕ್ಕೆ ನಿಷ್ಠರಾದವರೇ ಚಿಕ್ಕ ವಯಸ್ಸಿನಲ್ಲಿ ಸತ್ತರೆ ದೇವರ ನ್ಯಾಯ ಎಲ್ಲಿ ಉಳಿಯಿತು? ಆ ಕಾಲದ ದಾನಿಯೇಲನ ಗ್ರಂಥದಲ್ಲಿ ಮಣ್ಣಿನಲ್ಲಿ ಮಲಗಿದವರು ಎದ್ದುಬರುತ್ತಾರೆಂಬ ಮಾತು ಸ್ಪಷ್ಟವಾಗಿ ಕಾಣಿಸಿಕೊಂಡಿತು. ಪುನರುತ್ಥಾನವೆಂದರೆ ಇದು. ಚಿತ್ರಹಿಂಸೆಗೆ ಸಿಕ್ಕು ಹರಿದ ದೇಹವನ್ನೇ ದೇವರು ಮರಳಿ ಕೊಡಬೇಕು ಎಂಬ ಹಟ ಅದರೊಳಗಿದೆ. ಯೇಸುವಿನ ಕಾಲಕ್ಕೂ ಈ ವಾದ ಮುಗಿದಿರಲಿಲ್ಲ. ಫರಿಸಾಯರು ಪುನರುತ್ಥಾನವನ್ನು ನಂಬುತ್ತಿದ್ದರು, ದೇವಾಲಯದ ಸಿರಿವಂತ ಸದ್ದುಕಾಯರು ನಂಬುತ್ತಿರಲಿಲ್ಲ.

ಅದೇ ಹಿಂಸೆಯ ದಿನಗಳ ಇನ್ನೊಂದು ಪ್ರಸಂಗ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿದೆ. ಯೂದಾ ಮಕ್ಕಬಿ ಎಂಬ ದಂಡನಾಯಕ ಯುದ್ಧದಲ್ಲಿ ಮಡಿದ ತನ್ನ ಸೈನಿಕರನ್ನು ಹೂಳಲು ಹೋದಾಗ, ಅವರ ಅಂಗಿಯೊಳಗೆ ಅನ್ಯದೇವತೆಗಳ ತಾಯಿತಗಳು ಸಿಕ್ಕವು. ಧರ್ಮಕ್ಕಾಗಿ ಹೋರಾಡಿ ಸತ್ತವರು, ಆದರೆ ಎದೆಯ ಮೇಲೆ ನಿಷಿದ್ಧ ತಾಯಿತ! ಯೂದಾ ಅವರನ್ನು ಬೈದು ಕೈಬಿಡಲಿಲ್ಲ. ಸೈನಿಕರಿಂದ ಸುಮಾರು ಎರಡು ಸಾವಿರ ಬೆಳ್ಳಿ ನಾಣ್ಯ ಒಟ್ಟುಮಾಡಿ, ಸತ್ತವರ ಪಾಪಪರಿಹಾರದ ಬಲಿಗಾಗಿ ಯೆರೂಸಲೇಮಿಗೆ ಕಳಿಸಿದ. ಬಾಯಮ್ಮನ ಮೇಣದಬತ್ತಿಗೆ ಶಾಸ್ತ್ರಾಧಾರ ಕೇಳಿದರೆ ಕೆಥೋಲಿಕರು ತೋರಿಸುವುದು ಮುಖ್ಯವಾಗಿ ಇದನ್ನೇ. ಹೀಬ್ರೂ ಬೈಬಲಿನಲ್ಲಿ ಈ ಗ್ರಂಥ ಇಲ್ಲ. ಆದ್ದರಿಂದ ಪ್ರೊಟೆಸ್ಟಂಟರು ಇದನ್ನು ಧರ್ಮಪ್ರಮಾಣವೆಂದು ಒಪ್ಪುವುದಿಲ್ಲ. 1546ರಲ್ಲಿ ಟ್ರೆಂಟ್ ಮಹಾಸಭೆ ಇದು ಪ್ರಮಾಣಗ್ರಂಥವೇ ಎಂದು ಸಾರಿತು. ನಾನು ಆಗ 'ಹೆಚ್ಚುಕಡಿಮೆ' ಎಂದದ್ದು ಈ ಕಾರಣಕ್ಕೆ.

ಯೇಸುವಿನ ಅನುಯಾಯಿಗಳ ನಂಬಿಕೆಯ ನಡುಗಂಬ, ಶಿಲುಬೆಯಲ್ಲಿ ಸತ್ತವನು ಮೂರನೆಯ ದಿನ ಎದ್ದುಬಂದ ಎಂಬುದು. ಅವನು ಬೇಗನೆ ಮರಳಿ ಬರುತ್ತಾನೆ, ಆಗ ಎಲ್ಲ ಸತ್ತವರೂ ಏಳುತ್ತಾರೆ ಎಂದು ಅವರು ಕಾದರು. ಕ್ರಿ.ಶ. 50ರ ಸುಮಾರಿಗೆ ಗ್ರೀಸಿನ ಥೆಸಲೋನಿಕದ ಸಣ್ಣ ಸಭೆಯಲ್ಲಿ ಒಂದು ಗಾಬರಿ ಹುಟ್ಟಿತು. ಕಾಯುತ್ತಿರುವಾಗಲೇ ಕೆಲವರು ಸತ್ತುಹೋದರಲ್ಲ, ಅವರ ಗತಿಯೇನು? ಸಂತ ಪೌಲರು ಬರೆದ ಉತ್ತರ ನಮಗೆ ಉಳಿದಿರುವ ಕ್ರೈಸ್ತ ಬರಹಗಳಲ್ಲೇ ಅತಿ ಹಳೆಯವುಗಳಲ್ಲಿ ಒಂದು. ಸತ್ತವರು ಮಲಗಿದ್ದಾರೆ, ಅವರೇ ಮೊದಲು ಏಳುತ್ತಾರೆ ಎಂದರು ಪೌಲರು. ಬೀಜ ಮಣ್ಣಿಗೆ ಬಿದ್ದು ಸಸಿಯಾಗುವ ಉಪಮೆಯನ್ನು ಮುಂದೆ ಕೊರಿಂಥದವರಿಗೆ ಬರೆದರು. ಇಂದಿಗೂ ಚರ್ಚುಗಳಲ್ಲಿ ಹೇಳುವ ವಿಶ್ವಾಸಪ್ರಮಾಣದಲ್ಲಿ ಇರುವುದು ಆತ್ಮದ ಅಮರತ್ವವಲ್ಲ, ಶರೀರದ ಪುನರುತ್ಥಾನ. ಆತ್ಮ ಅಮರವೆಂಬ ಪ್ಲೇಟೋನ ವಿಚಾರ ಮೆಲ್ಲನೆ ಬಂದು ಇದರೊಂದಿಗೆ ಬೆರೆಯಿತು.

ದಿನಗಳು ವರ್ಷಗಳಾದವು, ಶತಮಾನಗಳಾದವು. ಯೇಸು ಮರಳಿ ಬರಲಿಲ್ಲ. ಅಂದರೆ ಮರಣಕ್ಕೂ ಅಂತಿಮ ತೀರ್ಪಿಗೂ ನಡುವೆ ಒಂದು ದೊಡ್ಡ ತೆರಪು ಬಿದ್ದಿತು. ಕ್ರೈಸ್ತರ ಪರಲೋಕದ ಚರಿತ್ರೆಯೆಂದರೆ ಬಹುಪಾಲು ಈ ತೆರಪನ್ನು ತುಂಬಿದ ಚರಿತ್ರೆ.

ಅದನ್ನು ಮೊದಲು ತುಂಬಿದವರು ದುಃಖದಲ್ಲಿದ್ದ ಸಾಮಾನ್ಯರು. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಸೆರೆಮನೆಯಲ್ಲಿ ಪೆರ್ಪೆತುವಾ ಎಂಬ ಇಪ್ಪತ್ತೆರಡರ ತರುಣಿ ಇದ್ದಳು. ಮೊಲೆಹಾಲು ಕುಡಿಯುವ ಮಗುವಿನ ತಾಯಿ. ಕ್ರೈಸ್ತಳೆಂಬ ಕಾರಣಕ್ಕೆ ಕಾಡುಮೃಗಗಳ ಎದುರು ಬಿಡಬೇಕೆಂದು ಶಿಕ್ಷೆಯಾಗಿತ್ತು. ಆಕೆ ಸೆರೆಯಲ್ಲಿ ಬರೆದ ಟಿಪ್ಪಣಿ ಉಳಿದುಬಂದಿದೆ. ಒಂದು ದಿನ ಪ್ರಾರ್ಥಿಸುತ್ತಿರುವಾಗ ಇದ್ದಕ್ಕಿದ್ದಂತೆ ದಿನೊಕ್ರಾತಿಸ್ ಎಂಬ ಹೆಸರು ಬಾಯಿಗೆ ಬಂತು. ಅವನು ಆಕೆಯ ತಮ್ಮ. ಏಳನೆಯ ವಯಸ್ಸಿನಲ್ಲಿ ಮುಖದ ಮೇಲಿನ ಭೀಕರ ಹುಣ್ಣಿನಿಂದ ಸತ್ತಿದ್ದ. ಆ ರಾತ್ರಿ ಕನಸಿನಲ್ಲಿ ಅವನು ಕತ್ತಲೆಯ ತಾಣದಿಂದ ಹೊರಬಂದ. ಮುಖದಲ್ಲಿ ಅದೇ ಹುಣ್ಣು, ತೀರದ ಬಾಯಾರಿಕೆ. ಎದುರಿಗೆ ನೀರು ತುಂಬಿದ ತೊಟ್ಟಿ, ಆದರೆ ತೊಟ್ಟಿಯ ಅಂಚು ಹುಡುಗನಿಗಿಂತ ಎತ್ತರ. ತುದಿಗಾಲಲ್ಲಿ ನಿಂತರೂ ನೀರು ಎಟಕುವುದಿಲ್ಲ. ಪೆರ್ಪೆತುವಾ ಹಗಲಿರುಳೂ ತಮ್ಮನಿಗಾಗಿ ಅತ್ತು ಪ್ರಾರ್ಥಿಸಿದಳು. ಕೆಲವು ದಿನಗಳ ನಂತರ ಮತ್ತೊಂದು ಕನಸು. ತೊಟ್ಟಿಯ ಅಂಚು ಹುಡುಗನ ಹೊಕ್ಕುಳಿನ ಮಟ್ಟಕ್ಕೆ ಇಳಿದಿದೆ. ಹುಣ್ಣು ಮಾಯ್ದು ಕಲೆಯಾಗಿದೆ. ಹುಡುಗ ಚಿನ್ನದ ಬಟ್ಟಲಲ್ಲಿ ನೀರು ಕುಡಿದು, ಮಕ್ಕಳು ಆಡುವಂತೆ ಆಡಲು ಓಡಿದ. ಎಳ್ಳುನೀರು ಬಿಡುವ ನಾಡಿನವರಿಗೆ ಈ ಬಾಯಾರಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಶಾಸ್ತ್ರ ಬಲ್ಲವರಿಗೆ ಈ ಕನಸಿನಿಂದ ಕಷ್ಟವೇ ಆಯಿತು. ಎರಡು ಶತಮಾನಗಳ ನಂತರ, ದೀಕ್ಷಾಸ್ನಾನವಾಗದ ಹುಡುಗನಿಗೂ ಪ್ರಾರ್ಥನೆ ಫಲಿಸಿತಲ್ಲ ಎಂದು ಯಾರೋ ವಾದ ಹೂಡಿದಾಗ ಸಂತ ಅಗಸ್ಟೀನರು, ಹುಡುಗನಿಗೆ ದೀಕ್ಷಾಸ್ನಾನ ಆಗಿರಲಿಲ್ಲವೆಂದು ಹೇಳಿದವರು ಯಾರು, ಆಗಿದ್ದಿರಬಹುದು ಎಂದು ಉತ್ತರಿಸಿದರು. ಏಳು ವರ್ಷದ ಹುಡುಗ ಆಮೇಲೆ ಪಾಪ ಮಾಡಿದ್ದಿರಬಹುದು ಎಂದೂ ಸೇರಿಸಿದರು! ಅವರಿಗೆ ಇದು ಯಾಕೆ ಅಷ್ಟು ಮುಖ್ಯವಾಯಿತು ಎಂದು ತಿಳಿಯಬೇಕಾದರೆ ಮುಕ್ತಿಯ ಅಗತ್ಯದ ಪ್ರಶ್ನೆಗೆ ಬರಬೇಕು.

ಮನುಷ್ಯನಿಗೆ ರಕ್ಷಣೆ ಏಕೆ ಬೇಕು? ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಜಿಯಸ್ ಎಂಬ ವಿರಕ್ತ, ದೇವರು ಬುದ್ಧಿಯನ್ನೂ ಆಜ್ಞೆಗಳನ್ನೂ ಕೊಟ್ಟಿದ್ದಾನೆ, ಮನಸ್ಸು ಮಾಡಿದರೆ ಮನುಷ್ಯ ಒಳ್ಳೆಯವನಾಗಬಲ್ಲ ಎನ್ನುತ್ತಿದ್ದ. ಅಗಸ್ಟೀನರಿಗೆ ತಮ್ಮ ಸ್ವಂತ ಯೌವನದ ನೆನಪಿತ್ತು. ಒಳ್ಳೆಯದು ಯಾವುದೆಂದು ತಿಳಿದೂ ಅದನ್ನು ಮಾಡಲಾರದ, ಕೆಟ್ಟದ್ದೆಂದು ತಿಳಿದೂ ಬಿಡಲಾರದ ಸ್ಥಿತಿ. ಇಚ್ಛೆಯೇ ಕಾಯಿಲೆ ಬಿದ್ದಿರುವಾಗ ಇಚ್ಛೆಯಿಂದಲೇ ಗುಣವಾಗು ಎಂದರೆ ಹೇಗೆ? ಆದಾಮನ ಪಾಪದಲ್ಲಿ ಇಡೀ ಮನುಕುಲ ಬಿದ್ದಿದೆ, ಎತ್ತುವ ಕೈ ಹೊರಗಿನಿಂದಲೇ ಬರಬೇಕು, ಆ ಕೈ ಕ್ರಿಸ್ತನದು ಎಂದರು. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ನಮ್ಮಲ್ಲಿ ಮೋಕ್ಷಕ್ಕೆ ಅಡ್ಡಿ ಅವಿದ್ಯೆ. ಇಲ್ಲಿ ಅಡ್ಡಿ ಮುರಿದುಹೋದ ಸಂಬಂಧ. ಅದಕ್ಕೇ ಕನ್ನಡದ ಪ್ರೊಟೆಸ್ಟಂಟರು 'ರಕ್ಷಣೆ' ಎಂಬ ಶಬ್ದವನ್ನು ಹಿಡಿದರು. ನೀರಿನಲ್ಲಿ ಮುಳುಗುವವನಿಗೆ ಬೇಕಾದದ್ದು ಜ್ಞಾನವಲ್ಲ, ದಡದ ಮೇಲಿರುವವನ ಕೈ. ಕೆಥೋಲಿಕರು 'ಜೀವೋದ್ಧಾರ' ಎನ್ನುತ್ತಾರೆ, ಅದರಲ್ಲಿಯೂ ಎತ್ತುವ ಅರ್ಥವೇ ಇದೆ. ಆದರೆ ಅಗಸ್ಟೀನರ ತರ್ಕ ಒಂದು ಕಠೋರ ತೀರ್ಮಾನಕ್ಕೆ ಮುಟ್ಟಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ಸ್ವರ್ಗವಿಲ್ಲ, ಅತ್ಯಂತ ಸೌಮ್ಯವಾದರೂ ಶಿಕ್ಷೆ ತಪ್ಪದು. ಪೂರ್ವದ ಆರ್ಥೊಡಾಕ್ಸ್ ಚರ್ಚು ಹುಟ್ಟಿನಿಂದ ಬರುವ ಅಪರಾಧವೆಂಬ ಈ ಮಾತನ್ನು ಎಂದೂ ಒಪ್ಪಲಿಲ್ಲ.

ಅದೇ ಅಗಸ್ಟೀನರ ತಾಯಿಯನ್ನು ನೋಡಿ. ಮೋನಿಕಾ ಆಫ್ರಿಕದ ಹಳ್ಳಿಗಾಡಿನ ಪದ್ಧತಿಯಂತೆ ಹುತಾತ್ಮರ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತಿದ್ದಳು. ರೋಮನರಲ್ಲಿ ಫೆಬ್ರವರಿ ತಿಂಗಳಲ್ಲಿ ಪಿತೃಗಳಿಗೆ ಅನ್ನವಿಡುವ ಹಬ್ಬವಿತ್ತು, ಅದರ ಮುಂದುವರಿಕೆ ಇದು. ಮಿಲಾನಿನಲ್ಲಿ ಚರ್ಚಿನ ಬಾಗಿಲು ಕಾಯುವವನು ತಡೆದು, ಬಿಷಪ್ ಆಂಬ್ರೋಸರ ನಿಷೇಧವಿದೆ ಎಂದ. ಮೋನಿಕಾ ಎದುರಾಡದೆ ಬಿಟ್ಟಳು. 387ರಲ್ಲಿ ಓಸ್ತಿಯಾ ಬಂದರಿನಲ್ಲಿ ಸಾಯುವಾಗ, ಊರಿನಲ್ಲಿ ಗಂಡನ ಪಕ್ಕದಲ್ಲಿ ಸಿದ್ಧಮಾಡಿಸಿಕೊಂಡಿದ್ದ ಸಮಾಧಿಯ ಆಸೆಯನ್ನೂ ಬಿಟ್ಟು, ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ದೇವರ ಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳನ್ನು ಕೇಳಿಕೊಂಡಳು. ಅನ್ನದ ಬುಟ್ಟಿ ಹೋಗಿ ಬಲಿಪೂಜೆಯ ಸ್ಮರಣೆ ಬಂದದ್ದನ್ನು ಒಬ್ಬಳೇ ಹೆಂಗಸಿನ ಬದುಕಿನಲ್ಲಿ ಹೀಗೆ ಕಾಣಬಹುದು. ವೃದ್ಧಾಪ್ಯದಲ್ಲಿ ಅಗಸ್ಟೀನರು ಸತ್ತವರ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಶವಸಂಸ್ಕಾರದ ಆಡಂಬರ ಸತ್ತವರಿಗೆ ನೆರವಾಗುವುದಕ್ಕಿಂತ ಇದ್ದವರಿಗೆ ಸಮಾಧಾನ ಕೊಡುವಂಥದ್ದು, ಆದರೆ ಪ್ರಾರ್ಥನೆ, ದಾನ, ಬಲಿಪೂಜೆ ವ್ಯರ್ಥವಲ್ಲ ಎಂಬುದು ಅವರ ನಿಲುವು.

ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿಯವರು ತಮ್ಮ ಮಠದ ಒಂದು ಘಟನೆ ಬರೆದಿಟ್ಟರು. ಯುಸ್ತುಸ್ ಎಂಬ ಸಂನ್ಯಾಸಿ ಮೂರು ಚಿನ್ನದ ನಾಣ್ಯ ಬಚ್ಚಿಟ್ಟದ್ದು ಅವನ ಮರಣಶಯ್ಯೆಯಲ್ಲಿ ಬಯಲಾಯಿತು. ಸ್ವಂತ ಆಸ್ತಿ ಇರಬಾರದೆಂಬ ವ್ರತ ತೊಟ್ಟವನು. ಅವನನ್ನು ನಾಣ್ಯಗಳ ಸಮೇತ ತಿಪ್ಪೆಯಲ್ಲಿ ಹೂಳಿಸಿದ ಗ್ರೆಗೊರಿಯವರಿಗೇ ತಿಂಗಳಾದ ಮೇಲೆ ಮರುಕ ಹುಟ್ಟಿ, ಮೂವತ್ತು ದಿನ ಎಡೆಬಿಡದೆ ಬಲಿಪೂಜೆ ಮಾಡಿಸಿದರು. ಮೂವತ್ತನೆಯ ದಿನ ಯುಸ್ತುಸ್ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಾಣಿಸಿಕೊಂಡು, ಈಗ ಸುಖವಾಗಿದ್ದೇನೆ ಎಂದನಂತೆ. ಕೆಥೋಲಿಕರಲ್ಲಿ ಮೂವತ್ತು ದಿನಗಳ 'ಗ್ರೆಗೋರಿಯನ್ ಪೂಜೆ' ಇಂದಿಗೂ ಇದೆ. ಫ್ರಾನ್ಸಿನ ಕ್ಲೂನಿ ಮಠದ ಒದಿಲೋ ಎಂಬ ಮಠಾಧಿಪತಿ ಸುಮಾರು 998ರಲ್ಲಿ, ನೆನೆಯಲು ಯಾರೂ ಇಲ್ಲದ ಸತ್ತವರೂ ಸೇರಿದಂತೆ ಎಲ್ಲರಿಗಾಗಿ ಒಂದು ದಿನ ಗೊತ್ತುಮಾಡಿದರು. ಸಂತರೆಲ್ಲರ ಹಬ್ಬದ ಮರುದಿನ, ನವೆಂಬರ್ 2. ಬಾಯಮ್ಮನ ದಿನ ಅಲ್ಲಿಂದ ಬಂದದ್ದು.

ಇಷ್ಟಾದರೂ ಆ ನಡುವಿನ ತಾಣಕ್ಕೆ ಹೆಸರಿರಲಿಲ್ಲ. ಶುದ್ಧಗೊಳಿಸುವ ಬೆಂಕಿ ಎಂದು ವಿಶೇಷಣವಾಗಿ ಹೇಳುತ್ತಿದ್ದರೇ ಹೊರತು 'ಪುರ್ಗತೋರಿಯುಂ' ಎಂಬ ನಾಮಪದ ಹುಟ್ಟಿದ್ದು 1170ರ ದಶಕದಲ್ಲಿ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲೆ ಗಾಫ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಕಲ್ಪನೆ ಅದಕ್ಕಿಂತ ಹಳೆಯದೆಂದು ಅವರನ್ನು ಟೀಕಿಸಿದವರೂ ಇದ್ದಾರೆ. ಹೆಸರು ಬಂದ ಮೇಲೆ ಸ್ಥಳ ಬರುತ್ತದೆ, ಸ್ಥಳ ಬಂದ ಮೇಲೆ ಲೆಕ್ಕ ಬರುತ್ತದೆ. ಸಂತನಲ್ಲದ, ಪಾತಕಿಯೂ ಅಲ್ಲದ ನಿಮ್ಮ ನಮ್ಮಂಥ ಮಧ್ಯಮರಿಗೆ ಈ ಶುದ್ಧೀಕರಣ ಸ್ಥಳ. ಇದು ಸಣ್ಣ ನರಕವಲ್ಲ, ಇಲ್ಲಿಗೆ ಬಂದವರೆಲ್ಲ ಕೊನೆಗೆ ಸ್ವರ್ಗ ಸೇರುವವರೇ. ಹದಿನಾಲ್ಕನೆಯ ಶತಮಾನದ ಇಟಲಿಯ ಮಹಾಕವಿ ದಾಂತೆ ಇದನ್ನು ಕತ್ತಲಕೋಣೆಯಾಗಿ ಕಾಣದೆ ಬೆಳಕು ಬೀಳುವ ಬೆಟ್ಟವಾಗಿ ಕಂಡ. ಅಲ್ಲಿನ ಆತ್ಮಗಳು ದಾಂತೆಯನ್ನು ಮುತ್ತಿಕೊಂಡು ಕೇಳುವುದು ಒಂದೇ: ಊರಿಗೆ ಮರಳಿದಾಗ ನಮ್ಮವರಿಗೆ ಹೇಳು, ನಮಗಾಗಿ ಪ್ರಾರ್ಥಿಸಲಿ. ಫೊರೇಸೆ ಎಂಬ ಗೆಳೆಯ ಸತ್ತು ಕೆಲವೇ ವರ್ಷಗಳಲ್ಲಿ ಅಷ್ಟು ಮೇಲೆ ಹೇಗೆ ಬಂದ ಎಂದು ದಾಂತೆಗೆ ಆಶ್ಚರ್ಯ. ಹೆಂಡತಿ ನೆಲ್ಲಾಳ ಕಣ್ಣೀರು ತನ್ನನ್ನು ಮೇಲೆತ್ತಿತು ಎನ್ನುತ್ತಾನೆ ಆತ. 1439ರ ಫ್ಲಾರೆನ್ಸ್ ಮಹಾಸಭೆಯಲ್ಲಿ ಇದು ಅಧಿಕೃತ ಬೋಧನೆಯಾಗಿ ನಿಂತಿತು. ಸತ್ತವರಿಗಾಗಿ ಪ್ರಾರ್ಥಿಸುವ ಗ್ರೀಕರು ಬೆಂಕಿಯ ಮಾತನ್ನು ಒಪ್ಪದ ಕಾರಣ ನಿರ್ಣಯದಲ್ಲಿ ಬೆಂಕಿಯ ಉಲ್ಲೇಖವೇ ಬರಲಿಲ್ಲ.

ಇನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾವೆಲ್ಲ ಓದಿದ 'ಪಾಪವಿಮೋಚನಾ ಪತ್ರ'. ದುಡ್ಡು ಕೊಟ್ಟರೆ ಪಾಪ ಕ್ಷಮಿಸುತ್ತಿದ್ದರು ಎಂದು ಬಾಯಿಪಾಠ ಮಾಡಿದ್ದೇವೆ. ಸಿದ್ಧಾಂತ ಅಷ್ಟು ಸರಳವಾಗಿರಲಿಲ್ಲ. ಅಪರಾಧದ ಕ್ಷಮೆ ಬೇರೆ, ಅದು ಬಿಟ್ಟುಹೋದ ಋಣ ಬೇರೆ. ಹುಡುಗ ಚೆಂಡಿನಿಂದ ಪಕ್ಕದ ಮನೆಯ ಗಾಜು ಒಡೆದ, ಮನೆಯವರು ಕ್ಷಮಿಸಿದರು; ಗಾಜನ್ನಂತೂ ಹಾಕಿಸಿಕೊಡಬೇಕಲ್ಲ. ಈ ಎರಡನೆಯದು ಬದುಕಿರುವಾಗ ತೀರದಿದ್ದರೆ ಶುದ್ಧೀಕರಣ ಸ್ಥಳದಲ್ಲಿ ತೀರಬೇಕು. ಕ್ರಿಸ್ತನ ಮತ್ತು ಸಂತರ ಪುಣ್ಯದ ಭಂಡಾರದಿಂದ ಈ ಋಣವನ್ನು ಮನ್ನಾ ಮಾಡುವ ಅಧಿಕಾರ ಪೋಪರಿಗಿದೆ ಎಂಬುದು ವಾದ. 1476ರಲ್ಲಿ ನಾಲ್ಕನೆಯ ಸಿಕ್ಸ್‌ಟಸ್ ಪೋಪರು ಇದನ್ನು ಸತ್ತವರಿಗೂ ವಿಸ್ತರಿಸಿದಾಗ ದೊಡ್ಡ ಬಾಗಿಲೊಂದು ತೆರೆಯಿತು. ಬದುಕಿರುವವನು ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಬೇಕಿತ್ತು. ಸತ್ತವನ ಪರವಾಗಿ ಪತ್ರ ಕೊಳ್ಳುವವನಿಗೆ ಅದೂ ಬೇಡ, ಹಣ ಸಾಕು ಎಂದು ಮುಂದೆ ಪತ್ರ ಹಂಚುವವರಿಗೆ ಕೊಟ್ಟ ಸೂಚನೆಗಳೇ ಹೇಳಿದವು. ಅಂದಹಾಗೆ, ಗುಟೆನ್‌ಬರ್ಗನ ಊರಾದ ಮೈನ್ಜಿನಲ್ಲಿ 1454ರಲ್ಲೇ ಇಂಥ ಪತ್ರಗಳು ಅಚ್ಚಾಗಿದ್ದವು. ಹೆಸರು ಬರೆಯಲು ಜಾಗ ಬಿಟ್ಟು ಛಾಪಿಸಿದ ನಮೂನೆಗಳು. ಮುದ್ರಣದ ಇತಿಹಾಸ ಹೇಳುವಾಗ ನಾವು ಬೈಬಲನ್ನು ನೆನೆಯುತ್ತೇವೆ, ಅರ್ಜಿ ನಮೂನೆಯನ್ನು ಮರೆಯುತ್ತೇವೆ.

1515ರಲ್ಲಿ ಹೊರಟ ಮನ್ನಾ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕಾಗಿ. ಅರ್ಧ ಹಣ ಮಾತ್ರ ಅಲ್ಲಿಗೆ. ಉಳಿದರ್ಧ, ಮೈನ್ಜಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟರು ಆ ಪದವಿಗಾಗಿ ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಎತ್ತಿದ್ದ ಸಾಲಕ್ಕೆ. ರಾಜರಿಗೆ, ಬಿಷಪ್ಪರಿಗೆ 25 ಚಿನ್ನದ ನಾಣ್ಯ, ಕೆಳಗಿನವರಿಗೆ ಅಂತಸ್ತಿನಂತೆ ಕಡಿಮೆ. ಏನೂ ಇಲ್ಲದವರು ಉಪವಾಸ, ಪ್ರಾರ್ಥನೆ ಮಾಡಿದರೂ ಸಾಕೆಂದು ನಿಯಮದಲ್ಲಿತ್ತು ಎಂಬುದನ್ನೂ ಹೇಳಬೇಕು. ಮಾರಾಟಕ್ಕೆ ನಿಂತ ಯೋಹಾನ್ ಟೆಟ್ಸೆಲ್ ಮಾತಿನ ಮಲ್ಲ. ನಿಮ್ಮ ತಾಯಿತಂದೆ ಉರಿಯುತ್ತಿದ್ದಾರೆ, ನೀವು ಕೈಕಟ್ಟಿ ನಿಂತಿದ್ದೀರಲ್ಲ ಎಂಬ ಧಾಟಿ ಅವನದು. ನನಗೆ ಇಡೀ ವ್ಯವಹಾರದಲ್ಲಿ ಅಸಹ್ಯವೆನಿಸುವುದು ಸಾಲವೂ ಅಲ್ಲ, ದರಪಟ್ಟಿಯೂ ಅಲ್ಲ, ಇದು. ಪೆರ್ಪೆತುವಾಳ ಕಣ್ಣೀರನ್ನು ಹಿಡಿದು ಅಂಗಡಿ ಇಟ್ಟಂತಾಯಿತು.

ಮಾರ್ಟಿನ್ ಲೂಥರರು ಇದನ್ನು ಹೊರಗೆ ನಿಂತು ಕಂಡವರಲ್ಲ. 1510ರ ಕೊನೆಯಲ್ಲಿ ತರುಣ ಸಂನ್ಯಾಸಿಯಾಗಿ ರೋಮಿಗೆ ಹೊರಟವರು ಅಲ್ಲಿ, ಯೇಸು ಹತ್ತಿದವೆಂದು ಹೇಳುವ 28 ಮೆಟ್ಟಿಲುಗಳನ್ನು ಮಂಡಿಯಲ್ಲಿ ಹತ್ತಿ, ಪ್ರತಿ ಮೆಟ್ಟಿಲಿಗೂ ಪ್ರಾರ್ಥನೆ ಹೇಳಿದ್ದರು, ತಮ್ಮ ಅಜ್ಜನ ಆತ್ಮಕ್ಕಾಗಿ. ತಾಯಿತಂದೆ ಇನ್ನೂ ಬದುಕಿದ್ದಾರಲ್ಲ, ಇಲ್ಲದಿದ್ದರೆ ಅವರನ್ನೂ ಬಿಡಿಸಬಹುದಿತ್ತು ಎಂದು ಆಗ ಪೇಚಾಡಿದ್ದನ್ನು ಮುಂದೆ ತಾವೇ ಹೇಳಿಕೊಂಡರು. ಮೇಲಿನ ಮೆಟ್ಟಿಲು ತಲುಪಿದಾಗ, ಇದೆಲ್ಲ ನಿಜವೋ ಏನೋ ಎಂಬ ಸಂಶಯ ಬಂದಿತಂತೆ. ವಿಟೆನ್‌ಬರ್ಗಿನ ಜನ ಗಡಿ ದಾಟಿ ಟೆಟ್ಸೆಲನಿಂದ ಪತ್ರ ಕೊಂಡುತಂದಾಗ ಆ ಸಂಶಯ ಮಾತಾಯಿತು. 1517ರ ಅಕ್ಟೋಬರ್ 31, ಸಂತರೆಲ್ಲರ ಹಬ್ಬದ ಹಿಂದಿನ ದಿನ, ಅವರು ಆರ್ಚ್‌ಬಿಷಪ್ಪರಿಗೆ 95 ವಾದಸೂತ್ರಗಳನ್ನು ಕಳಿಸಿದರು. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದದ್ದು ನಿಜವೇ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ, ಅದು ಮುಖ್ಯವಲ್ಲ. ಒಂದು ಸೂತ್ರದಲ್ಲಿ ಜನಸಾಮಾನ್ಯನ ಪ್ರಶ್ನೆಯೊಂದಿದೆ. ಪೋಪರು ಕಟ್ಟಡದ ಹಣಕ್ಕಾಗಿ ಅಷ್ಟು ಆತ್ಮಗಳನ್ನು ಬಿಡಿಸಬಲ್ಲರಾದರೆ, ಬರಿಯ ಪ್ರೀತಿಯಿಂದ ಎಲ್ಲರನ್ನೂ ಯಾಕೆ ಬಿಡಿಸಬಾರದು?

ಆಗ ಲೂಥರರು ಶುದ್ಧೀಕರಣ ಸ್ಥಳವನ್ನೇ ಅಲ್ಲಗಳೆದಿರಲಿಲ್ಲ. ಅದಕ್ಕೆ ಇನ್ನೂ ಹದಿಮೂರು ವರ್ಷ ಹಿಡಿಯಿತು. ಮನುಷ್ಯ ನೀತಿವಂತನೆನಿಸುವುದು ವಿಶ್ವಾಸದಿಂದ, ದೇವರ ಕೃಪೆಯಿಂದ. ಕ್ರಿಸ್ತನು ಪೂರ್ತಿ ತೀರಿಸಿದ ಮೇಲೆ ಉಳಿದ ಬಾಕಿ ಎಂಬುದೇ ಇಲ್ಲ ಎಂದಾಗ, ಬಾಕಿ ತೀರಿಸುವ ತಾಣಕ್ಕೂ ಕೆಲಸವಿಲ್ಲವಾಯಿತು. ಸಾಯುವವನ ಎದೆಯಿಂದ ದೊಡ್ಡ ಭಯವೊಂದು ಇಳಿಯಿತು ನಿಜ. ಆದರೆ ಅದೇ ಏಟಿಗೆ ಇದ್ದವರನ್ನೂ ಸತ್ತವರನ್ನೂ ಕಟ್ಟಿದ್ದ ಹಗ್ಗವೂ ತುಂಡಾಯಿತು. ಇಂಗ್ಲೆಂಡಿನಲ್ಲಿ ಸತ್ತವರ ಹೆಸರಿನಲ್ಲಿ ಪೂಜೆ ನಡೆಯಲೆಂದು ಜನ ದತ್ತಿಬಿಟ್ಟಿದ್ದ ಪ್ರಾರ್ಥನಾಲಯಗಳನ್ನು 1547ರ ಕಾನೂನು ಮುಚ್ಚಿಸಿ ಆಸ್ತಿಯನ್ನು ದೊರೆಗೆ ಸೇರಿಸಿತು. ಅಜ್ಜಿಯ ಹೆಸರಿನ ಪೂಜೆಯನ್ನು ಸರಕಾರ ಬಂದು ನಿಲ್ಲಿಸಿದರೆ ಮನೆಯವರಿಗೆ ಹೇಗಾದೀತು, ಊಹಿಸಿಕೊಳ್ಳಿ. ಕೆಥೋಲಿಕ್ ಚರ್ಚು 1563ರಲ್ಲಿ ಟ್ರೆಂಟಿನಲ್ಲಿ ಬೋಧನೆಯನ್ನು ಉಳಿಸಿಕೊಂಡೇ, ಅದರ ಹೆಸರಿನ ಲಾಭಕೋರತನವನ್ನು ಖಂಡಿಸಿತು.

ಲೂಥರರಿಗೂ ಆ ಹಗ್ಗವನ್ನು ಪೂರ್ತಿ ಕತ್ತರಿಸಲು ಮನಸ್ಸು ಬಂದಂತಿಲ್ಲ. 1528ರಲ್ಲಿ ಬರೆಯುತ್ತ, ತೀರಿಕೊಂಡವರಿಗಾಗಿ ಮನೆಯಲ್ಲಿ ಒಮ್ಮೆಯೋ ಎರಡು ಸಲವೋ, ದೇವರೇ, ನೆರವಾಗಲು ಸಾಧ್ಯವಿದ್ದರೆ ಕರುಣೆ ತೋರು ಎಂದು ಕೇಳಿಕೊಂಡರೆ ತಪ್ಪಿಲ್ಲ, ಅಷ್ಟಕ್ಕೇ ಬಿಡಿ ಎಂದರು. 1542ರಲ್ಲಿ, ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರಿಗಾಗಿ ಒಂದು ಪುಟ್ಟ ಬರಹ ಬರೆದು, ಬಾಯಿಂದ ಬಾರದ ಅವರ ನಿಟ್ಟುಸಿರನ್ನೂ ದೇವರು ಪ್ರಾರ್ಥನೆಯೆಂದೇ ಕೇಳಿಸಿಕೊಳ್ಳುತ್ತಾನೆ, ದೀಕ್ಷಾಸ್ನಾನವಾಗದ ಆ ಕೂಸುಗಳ ಬಗ್ಗೆ ಹತಾಶರಾಗಬೇಡಿ ಎಂದು ಸಮಾಧಾನ ಹೇಳಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರ ಮಗಳು, ಹದಿಮೂರರ ಮಗ್ದಲೇನಾ, ಅವರ ತೋಳಿನಲ್ಲೇ ಸತ್ತಳು. ಮಗಳು ಸುಖವಾಗಿದ್ದಾಳೆಂದು ಖಂಡಿತ ಗೊತ್ತಿದ್ದೂ ಇಷ್ಟು ದುಃಖವಾಗುತ್ತದಲ್ಲ, ಎಂಥ ವಿಚಿತ್ರ ಎಂದು ಬಳಿಯಲ್ಲಿದ್ದವರೊಡನೆ ಹೇಳಿಕೊಂಡರಂತೆ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಈ ಜಗಳವೂ ಅವರ ಪೆಟ್ಟಿಗೆಯಲ್ಲಿ ಬಂದಿತು. ಗೋವೆಯ ಕಡೆಯಿಂದ ಬಂದ ಕೊಂಕಣಿ ಕೆಥೋಲಿಕರು ಅಷ್ಟರಲ್ಲಾಗಲೇ ಅಲ್ಲಿ ನೆಲೆಯೂರಿದ್ದರು. ನಮ್ಮ ಕೇರಿಯ ಎರಡು ಮನೆಗಳ ನಡುವಿನ ಬೇಲಿ ವಿಟೆನ್‌ಬರ್ಗಿನಲ್ಲಿ ನೆಟ್ಟದ್ದು.

ಹಸುಗೂಸುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಗಸ್ಟೀನರ ಕಠೋರತೆಯನ್ನು ಮಧ್ಯಯುಗದ ಪಂಡಿತರು ತಗ್ಗಿಸಿ, ನೋವೂ ಇಲ್ಲದ, ದೇವದರ್ಶನವೂ ಇಲ್ಲದ 'ಲಿಂಬೋ' ಎಂಬ ಅಂಚಿನ ತಾಣವನ್ನು ಕಲ್ಪಿಸಿದ್ದರು. ಅದರ ಬೆಲೆ ತೆತ್ತವರು ತಾಯಂದಿರು. ಐರ್ಲೆಂಡಿನಲ್ಲಿ ಇಂಥ ಕೂಸುಗಳನ್ನು ಚರ್ಚಿನ ಸ್ಮಶಾನಕ್ಕೆ ಸೇರಿಸದೆ, ಊರಾಚೆ 'ಕಿಲ್ಲೀನಿ' ಎಂದು ಕರೆಯುವ ಜಾಗಗಳಲ್ಲಿ, ಹೆಸರಿಲ್ಲದ ಕಲ್ಲುಗಳ ಕೆಳಗೆ ಹೂಳುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲೂ ಈ ರೂಢಿ ಉಳಿದಿತ್ತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು, ಈ ಮಕ್ಕಳು ದೇವರನ್ನು ಸೇರುತ್ತಾರೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದಿತು. ಆಶೆಯೇ ಹೊರತು ಖಚಿತ ಜ್ಞಾನವಲ್ಲ ಎಂಬ ಎಚ್ಚರದೊಂದಿಗೆ. ಸ್ವರ್ಗ ನರಕಗಳು ಮೇಲೆ ಕೆಳಗೆ ಇರುವ ಜಾಗಗಳಲ್ಲ, ದೇವರೊಡನೆ ಮನುಷ್ಯನಿಗಿರುವ ಸಂಬಂಧದ ಸ್ಥಿತಿಗಳು ಎಂದು ಎರಡನೆಯ ಜಾನ್ ಪಾಲ್ ಪೋಪರು 1999ರಲ್ಲಿ ವಿವರಿಸಿದ್ದರು. 2007ರಲ್ಲೇ ಹದಿನಾರನೆಯ ಬೆನೆಡಿಕ್ಟರು ಶುದ್ಧಗೊಳಿಸುವ ಬೆಂಕಿ ಎಂದರೆ ಕ್ರಿಸ್ತನ ನೋಟವೇ ಇರಬಹುದು ಎಂಬ ಕೆಲವು ದೇವಶಾಸ್ತ್ರಜ್ಞರ ವಿಚಾರವನ್ನು ಮುಂದಿಟ್ಟು, ಇದ್ದವರ ಪ್ರೀತಿ ಸತ್ತವರಿಗೆ ಮುಟ್ಟುವುದಕ್ಕೆ ತಡವಾಯಿತು ಎಂಬುದಿಲ್ಲ ಎಂದು ಬರೆದರು.

ಭಾಷಣ ಶುರುವಾಗುವ ಮೊದಲು ಮುಂದಿನ ಸಾಲಿನ ಹಿರಿಯರೊಬ್ಬರು, 'ಅದೆಲ್ಲ ಸರಿ, ಕ್ರೈಸ್ತರಲ್ಲದ ನಮ್ಮ ಗತಿಯೇನು, ಅದನ್ನು ಹೇಳಿ' ಎಂದು ನಗುತ್ತ ಕೇಳಿದ್ದರು. ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಮನಸ್ಸಾಕ್ಷಿಯಂತೆ ನಡೆದವರೂ ರಕ್ಷಣೆ ಹೊಂದಬಲ್ಲರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದೆ. ಅನೇಕ ಪ್ರೊಟೆಸ್ಟಂಟ್ ಸಭೆಗಳು ಇದನ್ನು ಒಪ್ಪುವುದಿಲ್ಲ, ಕ್ರಿಸ್ತನನ್ನು ತಿಳಿದು ವಿಶ್ವಾಸವಿಡದೆ ದಾರಿಯಿಲ್ಲ ಎನ್ನುತ್ತವೆ. ಈ ವಾದ ಇನ್ನೂ ನಡೆದಿದೆ.

ಇದೇ ಪ್ರಶ್ನೆಯನ್ನು ನಾನು ಒಮ್ಮೆ ಬಾಯಮ್ಮನಿಗೂ ಹಾಕಿದ್ದೆ. ಮಂಗಳೂರಿಗೆ ಹೋದ ಎರಡನೆಯ ವರ್ಷ ನನ್ನ ತಂದೆ ತೀರಿಕೊಂಡಿದ್ದರು. ಬತ್ತಿಯ ಕಟ್ಟು ಹಿಡಿದು ಹೊರಟಿದ್ದ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ನಮ್ಮಂಥವರಿಗೆ ನಿಮ್ಮ ಶಾಸ್ತ್ರದಲ್ಲಿ ಜಾಗ ಇದೆಯೇ ಎಂದೆ. ಅವರು ಸ್ವಲ್ಪ ಸಂಕೋಚಪಟ್ಟು, 'ಶಾಸ್ತ್ರ ನನಗೆ ಗೊತ್ತಿಲ್ಲ ಮೇಷ್ಟ್ರೆ. ನಿಮ್ಮ ಅಪ್ಪನಿಗೆ ಹೋದ ವರ್ಷವೇ ಒಂದು ಹಚ್ಚಿದ್ದೇನೆ, ನಿಮಗೆ ಹೇಳಿರಲಿಲ್ಲ' ಎಂದು ಬೇಗಬೇಗನೆ ಗೇಟು ತೆಗೆದು ಹೋದರು.